ಎಂಟು ಸಾವಿರ ಸುತ್ತಿನ ಸ್ವರ

ಮೇಣದ ಮೇಲೆ ದವಡೆಯ ಅಚ್ಚು ತೆಗೆಯುವುದರಲ್ಲಿ ಎಣೆಯಿಲ್ಲದವನು, ಬೋಳುಬಾಯಿಗಳಿಗೆ ನಗೆಯನ್ನು ಮರಳಿ ಕೊಡಿಸುವವನು, ಕೂದಲೆಳೆಯಷ್ಟು ಏರುತಗ್ಗನ್ನೂ ಬೆರಳ ತುದಿಯಿಂದಲೇ ಅಳೆಯಬಲ್ಲವನು, ನಾಳೆ ಕೊಡುತ್ತೇನೆಂದದ್ದನ್ನು ಇಂದೇ ಕೊಡುವವನು, ಮೇಜಿನ ಮೇಲೆ ಕುಳಿತ ನೊಣವನ್ನೂ ಕ್ಷಮೆ ಕೇಳಿ ಎಬ್ಬಿಸುವ ಸಾಧು, ಹೆಂಡತಿಯ ಮಾತಿಗೆ ಒಮ್ಮೆಯೂ ಎದುರಾಡದವನು (ಪೂರ್ತಿ ಕೇಳಿಸಿಕೊಂಡಿದ್ದರೆ ತಾನೆ ಎದುರಾಡುವುದು!), ಎಚ್ಚರದಲ್ಲಿ ಇರುವಷ್ಟೇ ಹೊತ್ತು ಕನಸಿನಲ್ಲಿಯೂ ಇರುವವನು, ವಿದ್ಯುತ್ ಗಿಟಾರನ್ನು ಎದೆಗೆ ತಗುಲಿಸಿಕೊಂಡನೆಂದರೆ ಮೂರು ಲೋಕವನ್ನೂ ಮರೆಯುವವನು, ಭೂಮಿಯ ಮೇಲೆ ಕಿವಿಗಳು ಕೋಟಿಯಿದ್ದರೂ ಕೇಳಬಲ್ಲ ಕಿವಿಗಳು ಎರಡೇ, ಅವೆರಡೂ ತನ್ನವೇ ಎಂದು ದೃಢವಾಗಿ ನಂಬಿದವನು: ಇಂತಪ್ಪ ಗುಣಗಣಗಳಿಂದ ಒಪ್ಪುವ ಮಹನೀಯನೊಬ್ಬನಿದ್ದನು. ಕಟ್ಟುಹಲ್ಲುಗಳನ್ನು ತಯಾರಿಸುವುದು ಅವನ ಕಸುಬು. ಬೀದಿಯವರು ಅವನನ್ನು ದಂತಶಿಲ್ಪಿ ಎಂದು ಕರೆಯುತ್ತಿದ್ದರು. ಅರ್ಧ ಗೌರವದಿಂದ, ಅರ್ಧ ತಮಾಷೆಗೆ. ಅವನು ಎರಡೂ ಅರ್ಧಗಳನ್ನು ಗೌರವದ ಲೆಕ್ಕಕ್ಕೇ ಸೇರಿಸಿಕೊಂಡಿದ್ದನು.

ಅವನ ಹೆಂಡತಿ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು. ನೂರಾ ಹದಿನಾರು ಬಸ್ಸುಗಳು ಒಂದನ್ನೊಂದು ತಾಗದೆ ಊರೆಲ್ಲ ಸುತ್ತಿಬರುವುದು ಅವಳ ಪೆನ್ಸಿಲಿನ ಮಹಿಮೆ. ಅದೇ ನಿಖರತೆಯಿಂದ ಅವಳು ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾಲ್ಕೇ ದಪ್ಪ ತಂತಿ, ತಗ್ಗಿನ ದನಿ. ಹಾಡೆಂಬ ಮನೆಗೆ ನೆಲದಡಿಯ ಕಲ್ಲು. ಅವಳ ತಮ್ಮ ಕ್ಷೌರಿಕ, ಡ್ರಮ್ ಬಾರಿಸುತ್ತಿದ್ದನು. ಮೂಲೆಯ ಔಷಧಿ ಅಂಗಡಿಯಾಕೆ ಹಾಡುತ್ತಿದ್ದಳು. ಹನ್ನೆರಡು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ, ಬಾಗಿಲು ಹಾಕಿದ ಕ್ಷೌರದಂಗಡಿಯಲ್ಲಿ, ಎದುರುಬದುರು ಕನ್ನಡಿಗಳ ನಡುವೆ ಈ ನಾಲ್ವರ ಮೇಳ ಸೇರುತ್ತಿತ್ತು. ಕನ್ನಡಿಯೊಳಗೆ ಕನ್ನಡಿ, ಅದರೊಳಗೆ ಇನ್ನೊಂದು. ನಾಲ್ವರು ನಲವತ್ತಾಗಿ, ನಲವತ್ತು ನಾನೂರಾಗಿ, ಹಸಿರು ಹಸಿರಾದ ದೂರದಲ್ಲೆಲ್ಲೋ ಕರಗಿಹೋಗುತ್ತಿದ್ದರು. ಆ ದೂರವನ್ನು ನೋಡುತ್ತ ಗಿಟಾರ್ ಮೀಟುವಾಗ ದಂತಶಿಲ್ಪಿಗೆ ತಾನು ಸಾವಿರ ಮಂದಿಯ ಸಭೆಯಲ್ಲಿ ನಿಂತಂತೆಯೇ ಅನಿಸುತ್ತಿತ್ತು. ಆ ಸಾವಿರ ಮಂದಿಯೂ ಅವನೇ ಎಂಬುದು ಬೇರೆ ಮಾತು!

ಅಂತಹ ಒಂದು ಭಾನುವಾರ ಮೇಳ ಮುಗಿಸಿ ಮನೆಗೆ ನಡೆದುಬರುವಾಗ ಹೆಂಡತಿ ಹೇಳಿದಳು:

"ರೀ, ಮುಂದಿನ ಭಾನುವಾರ ನನ್ನದು ಕೊನೆ. ಬೇಸ್ ಗಿಟಾರನ್ನ ಅಕ್ಕನ ಮಗಳಿಗೆ ಕೊಟ್ಟುಬಿಡ್ತೀನಿ."

"ಹಾಂ? ಯಾಕೆ?"

"ಇವತ್ತು ಮೂರನೇ ಹಾಡು ಹೇಗೆ ಬಂತು?"

"ಅದ್ಭುತ! ಅದರ ನಡುವೆ ನಾನು ಒಂದು ಕಡೆ ಮೇಲಕ್ಕೆ ಹೋಗಿ ಹಾಗೇ ತೇಲಿದೆನಲ್ಲ, ಆಗ ಕನ್ನಡಿಯಲ್ಲಿ..."

"ಅದರಲ್ಲಿ ನಾನು ನುಡಿಸಲೇ ಇಲ್ಲ. ಮೊದಲಿಂದ ಕೊನೆವರೆಗೆ ಕೈ ಕಟ್ಟಿಕೊಂಡು ನಿಂತಿದ್ದೆ."

ದಂತಶಿಲ್ಪಿ ನಡೆಯುವುದನ್ನು ನಿಲ್ಲಿಸಿದನು.

"ಯಾರಿಗೂ ಗೊತ್ತಾಗಲಿಲ್ಲ" ಎಂದಳು ಅವಳು, ಬಸ್ಸು ಎರಡು ನಿಮಿಷ ತಡ ಎಂದು ಹೇಳುವಷ್ಟೇ ತಣ್ಣಗೆ. "ನನ್ನ ತಮ್ಮನಿಗೂ ಗೊತ್ತಾಗಲಿಲ್ಲ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಅಂದಮೇಲೆ ನಾಲ್ಕೂವರೆ ಕಿಲೋ ಭಾರ ಯಾಕೆ ಹೊರಲಿ?"

ವಾರದ ಆರು ದಿನ ಅವರಿಬ್ಬರೂ ಅವಳ ಬಸ್ಸುಗಳ ಹಾಗೆಯೇ ಒಬ್ಬರನ್ನೊಬ್ಬರು ತಾಗದೆ ಹಾದುಹೋಗುತ್ತಿದ್ದರು. ಅವಳದು ನಸುಕಿನ ಪಾಳಿ, ಅವನದು ಸಂಜೆಯವರೆಗೆ ಮೇಣ ಮತ್ತು ಗಾರೆ. ಭಾನುವಾರದ ಮೂರು ಗಂಟೆಗಳಲ್ಲಿ ಮಾತ್ರ ಇಬ್ಬರೂ ಒಂದೇ ಕಡೆಗೆ ಮುಖ ಮಾಡಿ, ಅಕ್ಕಪಕ್ಕ ನಿಂತು, ಒಂದೇ ತಾಳಕ್ಕೆ ಕಾಲು ಅಲುಗಿಸುತ್ತಿದ್ದರು. ಅದೂ ಹೋದರೆ ಉಳಿಯುವುದೇನು? ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಅವನಿಗೆ ತಿಳಿಯದು. ತಿಳಿದದ್ದು ಪ್ರತಿಜ್ಞೆ ಮಾಡುವುದು.

"ತಪ್ಪು ನಿನ್ನದಲ್ಲ ಮಾರಾಯ್ತಿ! ಪಿಕಪ್‌ದು! ನಿನ್ನ ಬೇಸ್‌ನ ಪಿಕಪ್ ಸತ್ತುಹೋಗಿದೆ!"

ಪಿಕಪ್ ಎಂಬುದು ತಂತಿಗಳ ಕೆಳಗೆ ಕರಿಯ ಮುಚ್ಚಳದೊಳಗೆ ಅಡಗಿ ಕುಳಿತಿರುವ ಆಯಸ್ಕಾಂತ. ಅದರ ಮೈಗೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುರುಳಿಯಾಗಿ ಸುತ್ತಿರುತ್ತಾರೆ. ಮೇಲಿನ ತಂತಿ ನಡುಗಿದರೆ ಆ ನಡುಕವನ್ನು ಹಿಡಿದು ಧ್ವನಿಪೆಟ್ಟಿಗೆಗೆ ದಾಟಿಸುವುದು ಅದರ ಕೆಲಸ. ವಿದ್ಯುತ್ ಗಿಟಾರಿನ ಒಳಗಿವಿ ಎನ್ನಬಹುದು.

"ಒಂದೇ ವಾರ ಕೊಡು" ಎಂದು ದಂತಶಿಲ್ಪಿ ಬೀದಿಯ ನಡುವೆ ಎದೆಯುಬ್ಬಿಸಿ ನಿಂತನು. "ಈ ಲೋಕದಲ್ಲಿರುವ ಪಿಕಪ್‌ಗಳನ್ನೆಲ್ಲ ಕೇಳಿ, ಸೋಸಿ, ನಿನ್ನ ಬೇಸ್‌ಗೆ ತಕ್ಕದ್ದನ್ನು ತಂದು ಹಾಕುತ್ತೇನೆ. ಮುಂದಿನ ಭಾನುವಾರ ಅದು ಮಾತಾಡದಿದ್ದರೆ ನನ್ನ ಕಿವಿಗಳ ಅಚ್ಚು ತೆಗೆದು ಗೋಡೆಗೆ ನೇತುಹಾಕುತ್ತೇನೆ!"

"ನೇತುಹಾಕೋ ಮುಂಚೆ ಅದರಲ್ಲಿ ಒಂದು ಸಲ ಏನಾದರೂ ಕೇಳಿನೋಡಿ" ಎಂದಳು ಅವಳು. "ಹಾರ್ನ್ ಹೊಡೀತಿದ್ದಾರೆ, ದಾರಿ ಬಿಡಿ."

ಸೋಮವಾರದಿಂದ ಶೋಧ ಮೊದಲಾಯಿತು. ಎಂಥ ಶೋಧ! ಬೆಳಗ್ಗೆ ಹಲ್ಲು ಅರೆಯುವಾಗ ಕಿವಿಗೆ ಯಂತ್ರ, ಮಧ್ಯಾಹ್ನ ಹಲ್ಲು ಜೋಡಿಸುವಾಗ ಕಿವಿಗೆ ಯಂತ್ರ. ದೂರದ ಅಪರಿಚಿತರು ಬಗೆಬಗೆಯ ಪಿಕಪ್ ಹಾಕಿ ಒಂದೇ ಸ್ವರವನ್ನು ಮೀಟಿ ಮೀಟಿ ಕೇಳಿಸಿದ ಧ್ವನಿಮುದ್ರಿಕೆಗಳು ನೂರಾರು. ಒಂದೊಂದನ್ನೂ ಕಣ್ಣುಮುಚ್ಚಿ ಕೇಳಿ ಅವನು ಪುಸ್ತಕದಲ್ಲಿ ಬರೆದಿಟ್ಟನು. 'ಒಂದನೆಯದು: ಒದ್ದೆ ಮರಳಿನ ಮೇಲೆ ಬರಿಗಾಲು. ಎರಡನೆಯದು: ಹಳೆಯ ಗ್ರಂಥಾಲಯದ ಕದ ತಾನಾಗಿ ಮುಚ್ಚಿಕೊಂಡಂತೆ. ಮೂರನೆಯದು: ಮಧ್ಯಾಹ್ನದ ನಿದ್ದೆಯಿಂದ ಎದ್ದ ಆನೆ, ಆದರೆ ಬೇಸರದಲ್ಲಿದೆ.' ಬುಧವಾರದ ಹೊತ್ತಿಗೆ ಅವನು ನಡೆಯುತ್ತಿದ್ದದ್ದು ನೆಲದ ಮೇಲಲ್ಲ; ನೆಲಕ್ಕೂ ಚಪ್ಪಲಿಗೂ ನಡುವೆ ಎಲ್ಲೋ ಒಂದು ತಗ್ಗುಸ್ವರದ ಮಂಜು ಹಾಸಿತ್ತು. ಊಟದ ಮೇಜಿಗೂ ಅದು ಹಿಂಬಾಲಿಸಿ ಬಂದಿತು.

"ಇವೆರಡನ್ನೂ ಕೇಳಿ ಯಾವುದು ಬೇಕು ಹೇಳು" ಎಂದು ಹೆಂಡತಿಯ ಕಿವಿಗೂ ಯಂತ್ರ ತೊಡಿಸಿದನು.

ಅವಳು ಕೇಳಿದಳು. "ಎರಡೂ ಒಂದೇ ಥರ ಇದೆಯಲ್ಲ?"

"ಒಂದೇ ಥರವೇ? ಮೊದಲನೆಯದರಲ್ಲಿ ಮುಸ್ಸಂಜೆ ಇದೆ. ಎರಡನೆಯದರಲ್ಲಿ ಬರೀ ಸಂಜೆ ಇದೆ!"

"ತಟ್ಟೆ ನೋಡಿಕೊಂಡು ತಿನ್ನಿ. ತುತ್ತು ಮೂಗಿನ ಕಡೆ ಹೋಗ್ತಿದೆ."

ಗುರುವಾರ ಅವನು ಸುರುಳಿಯಜ್ಜಿಯ ಅಂಗಡಿಗೆ ಹೋದನು. ಫ್ಯಾನಿನ ಮೋಟಾರುಗಳಿಗೆ ತಂತಿ ಸುತ್ತುವುದು ಆಕೆಯ ನಲವತ್ತು ವರ್ಷಗಳ ಕಸುಬು. ಪಿಕಪ್ ಸುತ್ತುವುದು ಕೈಚಳಕ ಉಳಿಯಲೆಂದು. ಇಕ್ಕಟ್ಟಿನ ಕೋಣೆ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತಾಮ್ರದ ಎಳೆಯೊಂದು ಉರುಳೆಯಿಂದ ಉರುಳೆಗೆ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ಮಿಂಚಿ, ಇದ್ದಕ್ಕಿದ್ದಂತೆ ಕಾಣದಾಗಿ. ಯಂತ್ರ ಗುಂಯ್ ಎನ್ನುತ್ತಿತ್ತು. ಅದನ್ನು ನೋಡುತ್ತ ನಿಂತವನಿಗೆ ಬಂದ ಕೆಲಸವೇ ಮರೆತುಹೋಯಿತು.

"ಏನಪ್ಪಾ, ನಿಂತುಕೊಂಡೇ ನಿದ್ದೆಯಾ?" ಎಂದಳು ಅಜ್ಜಿ.

"ಪಿಕಪ್ ಬೇಕಿತ್ತು ಅಜ್ಜಿ. ಬೇಸ್‌ಗೆ, ಎರಡು. ಹಳೆಯದು ಸತ್ತುಹೋಗಿದೆ."

"ಮೀಟರ್ ಇಟ್ಟು ನೋಡಿದೆಯಾ?"

"ಅದಕ್ಕೆ ಆತ್ಮವೇ ಇಲ್ಲ ಅಜ್ಜಿ. ಆತ್ಮಕ್ಕೆ ಮೀಟರ್ ಎಲ್ಲಿಂದ ತರಲಿ?"

ಅಜ್ಜಿ ಯಂತ್ರ ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ಪೂರ್ತಿ ನೋಡಿದಳು. "ಎಂಥ ದನಿ ಬೇಕು ನಿನಗೆ?"

ಇದಕ್ಕಾಗಿಯೇ ಕಾದಿದ್ದನು ದಂತಶಿಲ್ಪಿ! ಕಣ್ಣು ಅರೆಮುಚ್ಚಿ ಹೇಳಿದನು: "ಬೆಳೆದ ಗೋಧಿಯ ಹೊಲದ ಮೇಲೆ ಮೋಡದ ನೆರಳೊಂದು ನಿಧಾನವಾಗಿ ನಡೆದುಹೋಗುತ್ತದಲ್ಲ, ತೆನೆಗಳು ಒಂದೊಂದಾಗಿ ಕಪ್ಪಾಗಿ, ಮತ್ತೆ ಒಂದೊಂದಾಗಿ ಬಂಗಾರವಾಗಿ..."

"ನೋಡಪ್ಪ" ಎಂದಳು ಅಜ್ಜಿ. "ಆರು ಸಾವಿರ ಸುತ್ತಿಂದು ಇದೆ, ಎಂಟು ಸಾವಿರ ಸುತ್ತಿಂದು ಇದೆ. ಮೋಡ ನಾನು ಸುತ್ತೋದಿಲ್ಲ."

"ಸುತ್ತು ಹೆಚ್ಚಾದರೆ ಏನಾಗುತ್ತೆ?"

"ದನಿ ಜೋರು, ಆದರೆ ಒಂಚೂರು ಮಬ್ಬು. ಕಮ್ಮಿಯಾದರೆ ತಿಳಿ, ಆದರೆ ಮೆತ್ತಗೆ. ಎರಡೂ ಒಟ್ಟಿಗೆ ಬೇಕು ಅಂದರೆ ಇನ್ನೊಂದು ಅಂಗಡಿ ನೋಡ್ಕೋ. ನುಡಿಸೋರು ಯಾರು?"

"ನನ್ನ ಹೆಂಡತಿ."

"ಕರಕೊಂಡು ಬಾ. ಅವಳ ಬೆರಳು ನೋಡಬೇಕು."

"ಅವಳೇಕೆ ಅಜ್ಜಿ? ಕಿವಿ ನನ್ನದಿದೆಯಲ್ಲ!"

ಅಜ್ಜಿ ಎಂಟು ಸಾವಿರ ಸುತ್ತಿನ ಎರಡು ಪಿಕಪ್‌ಗಳನ್ನು ತೆಗೆದು, ತಂತಿಯ ತುದಿಗಳಿಗೆ ತನ್ನ ಗುರುತಿನ ಹಸಿರು ದಾರ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟಳು. ಅಷ್ಟಕ್ಕೆ ಹೊರಟುಬಂದಿದ್ದರೆ ಕಥೆ ಚಿಕ್ಕದಾಗುತ್ತಿತ್ತು. ಆದರೆ ಪಕ್ಕದ ಹಲಗೆಯ ಮೇಲೆ ಗಿಟಾರಿನ ಪಿಕಪ್‌ಗಳೂ ಇದ್ದವು. ಬಿಸಿಲು ಅವುಗಳ ಮೇಲೂ ಬಿದ್ದಿತ್ತು. ಬಿಸಿಲಿಗೆ ವಿವೇಕವಿಲ್ಲ!

ಮನೆಯಲ್ಲಿ ಹೆಂಡತಿ ಪೆಟ್ಟಿಗೆಗಳನ್ನು ಎಣಿಸಿದಳು.

"ನನ್ನ ಬೇಸ್‌ಗೆ ಎರಡು. ಸರಿ. ಈ ಇನ್ನೆರಡು ಯಾರದು?"

"ಅದು... ಒಂದೇ ಮನೆಯಲ್ಲಿ ಒಂದಕ್ಕೆ ಹೊಸ ದನಿ ಬಂದು ಇನ್ನೊಂದು ಹಳೆಯದಾಗಿಯೇ ಉಳಿದರೆ ಅಸಮಾಧಾನ ಆಗಬಾರದು ಅಂತ..."

"ಯಾರಿಗೆ ಅಸಮಾಧಾನ?"

"ಗಿಟಾರಿಗೆ!"

"ನನ್ನದಕ್ಕೆ ಎಷ್ಟು ಸುತ್ತು?"

"ಎಂಟು ಸಾವಿರ! ಭರ್ಜರಿ!"

"ಗಿಟಾರಿಂದಕ್ಕೆ?"

ದಂತಶಿಲ್ಪಿ ಕಿಟಕಿಯ ಹೊರಗೆ ನೋಡಿದನು. "ಒಂಬತ್ತು... ಚಿಲ್ಲರೆ."

"ಓಹೋ" ಎಂದಳು ಹೆಂಡತಿ. ಅಷ್ಟೇ. ಸಂಸಾರ ಮಾಡಿದವರಿಗೆ ಗೊತ್ತು, ಆ ಎರಡಕ್ಷರಕ್ಕೆ ಭಾಷ್ಯ ಬರೆಯಹೊರಟರೆ ಕಾಗದ ಸಾಲದು.

ಶುಕ್ರವಾರ ಗಿಟಾರಿಗೆ ಹೊಸ ಪಿಕಪ್ ಹಾಕಿದನು. ಅದು ನಿರ್ವಿಘ್ನವಾಗಿ ನೆರವೇರಿತು. ತನ್ನ ವಸ್ತುವಲ್ಲವೇ, ಮೈಯೆಲ್ಲ ಕಣ್ಣಾಗಿತ್ತು! ಶನಿವಾರ ಮಧ್ಯಾಹ್ನ ಬೇಸ್‌ನ ಸರದಿ.

ಇಲ್ಲಿ ಅವನ ಕಸುಬಿನ ಕ್ರಮವೊಂದನ್ನು ತಿಳಿಯಬೇಕು. ಮನೆಯಲ್ಲೇ ಇದ್ದ ಅವನ ಕೆಲಸದ ಮೇಜಿಗೆ ಹಳೆಯ ಹಲ್ಲಿನ ಸೆಟ್ಟೊಂದು ದುರಸ್ತಿಗೆ ಬಂದರೆ ಅದನ್ನು ಬಿಚ್ಚಬೇಕು, ತೊಳೆಯಬೇಕು, ನುಣುಪುಪುಡಿಯಿಂದ ತಿಕ್ಕಿ ಹೊಳೆಯಿಸಬೇಕು, ಆಮೇಲೆ ಯಾವ ಬಾಯಿಂದ ಬಂತೋ ಅದೇ ಬಾಯಿಗೆ ಮರಳಿಸಬೇಕು. ಹೊಸ ಸೆಟ್ಟಾದರೆ ಹೆಸರು ಬರೆದ ಬಿಳಿಯ ಡಬ್ಬಿಯೊಳಗೆ ಹತ್ತಿಯ ಮೇಲಿಟ್ಟು, ಮುಚ್ಚಿ, ಕಿಟಕಿಯ ಹಲಗೆಯ ಮೇಲಿಡಬೇಕು. ನಾಲ್ಕು ಗಂಟೆಗೆ ದಂತವೈದ್ಯರ ಕಡೆಯವರು ಬಂದು ಒಯ್ಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವನ ಕೈಗಳು ಈ ಕ್ರಮವನ್ನು ಒಮ್ಮೆಯೂ ಮೀರಿದ್ದಿಲ್ಲ. ಆ ಕೈಗಳಿಗೆ ತಲೆಯ ಅಪ್ಪಣೆಯೂ ಬೇಕಿರಲಿಲ್ಲ.

ಅಂದು ಮೇಜಿನ ಮೇಲೆ ನಿವೃತ್ತ ಹೆಡ್‌ಮಾಸ್ಟರೊಬ್ಬರ ಹೊಸ ಹಲ್ಲಿನ ಸೆಟ್ಟು ಸಿದ್ಧವಾಗಿತ್ತು. ಪಕ್ಕದಲ್ಲಿ ಅವರ ಬಿಳಿಯ ಡಬ್ಬಿ ಬಾಯಿ ತೆರೆದಿತ್ತು. ಇತ್ತ ಅಜ್ಜಿ ಕೊಟ್ಟ ಹೊಸ ಪಿಕಪ್‌ಗಳು, ಅವುಗಳ ರಟ್ಟಿನ ಪೆಟ್ಟಿಗೆ. ನಡುವೆ ಮೈ ಬಿಚ್ಚಿ ಮಲಗಿದ ಬೇಸ್ ಗಿಟಾರು, ಅದರಿಂದ ಹೊರತೆಗೆದ ಧೂಳು ಮೆತ್ತಿದ ಎರಡು ಹಳೆಯ ಪಿಕಪ್‌ಗಳು.

ಗಾರೆಯ ಬಿಳಿಯ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ದಂತಶಿಲ್ಪಿ ಬೆಸುಗೆಯ ಕೋಲನ್ನು ಕಾಯಲಿಟ್ಟು, ಅದು ಕಾಯುವವರೆಗೆಂದು ಕಣ್ಣುಮುಚ್ಚಿದನು. ಆಹಾ! ನಾಳೆಯ ಭಾನುವಾರ ಬಂದೇಬಿಟ್ಟಿತು. ಕನ್ನಡಿಗಳ ನಡುವೆ ಹೆಂಡತಿ ನಿಂತಿದ್ದಾಳೆ. ಮೊದಲ ಸ್ವರ ಮೀಟುತ್ತಾಳೆ. ನೆಲದಡಿಯಿಂದ ಒಂದು ನದಿ ಎದ್ದು ಬರುತ್ತದೆ, ಕುರ್ಚಿಗಳು ದೋಣಿಗಳಾಗುತ್ತವೆ, ಕತ್ತರಿ ಬಾಚಣಿಗೆಗಳು ಮೀನಾಗಿ ಹೊಳೆಯುತ್ತವೆ. ಅವಳು ತನ್ನ ಕಡೆ ತಿರುಗಿ, "ರೀ, ಎಂಥ ಕಿವಿ ರೀ ನಿಮ್ಮದು!" ಎನ್ನುತ್ತಾಳೆ. ಕನ್ನಡಿಯೊಳಗಿನ ಸಾವಿರ ಹೆಂಡತಿಯರೂ ಹಾಗೆಯೇ ಎನ್ನುತ್ತಾರೆ...

ಇಷ್ಟು ಹೊತ್ತೂ ಅವನ ಕೈಗಳು ಸುಮ್ಮನಿರಲಿಲ್ಲ. ಎಚ್ಚರವಾದಾಗ ಕೆಲಸ ಮುಗಿದೇ ಹೋಗಿತ್ತು! ಬೇಸ್‌ನ ಎದೆಯಲ್ಲಿ ಎರಡು ಪಿಕಪ್‌ಗಳು ಕರಿಯ ಕನ್ನಡಿಗಳಂತೆ ಥಳಥಳಿಸುತ್ತಿದ್ದವು. ಬೆಸುಗೆ ಆರಿತ್ತು, ಸ್ಕ್ರೂಗಳು ಬಿಗಿದಿದ್ದವು, ತಂತಿಗಳು ಶ್ರುತಿಗೊಂಡಿದ್ದವು. ಮುಚ್ಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಅವನದೇ ಅಕ್ಷರದಲ್ಲಿ 'ಹಳೆಯದು, ಬಿಸಾಡಬಾರದು' ಎಂದು ಬರೆದಿತ್ತು. ಬಿಳಿಯ ಡಬ್ಬಿಯನ್ನು ದಂತವೈದ್ಯರ ಕಡೆಯವರು ಆಗಲೇ ಒಯ್ದಿದ್ದರು. ದಂತಶಿಲ್ಪಿ ತನ್ನ ಹತ್ತು ಬೆರಳುಗಳನ್ನೂ ಪ್ರೀತಿಯಿಂದ ನೋಡಿಕೊಂಡನು. ರಟ್ಟಿನ ಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದನು.

ಭಾನುವಾರ ಬಂದಿತು. ಕ್ಷೌರದಂಗಡಿಯ ಕದ ಮುಚ್ಚಿತು. ಧ್ವನಿಪೆಟ್ಟಿಗೆಗಳ ಕೆಂಪು ಕಣ್ಣುಗಳು ಹೊತ್ತಿಕೊಂಡವು. ಹೆಂಡತಿ ಬೇಸ್‌ನ ಪಟ್ಟಿಯನ್ನು ಹೆಗಲಿಗೇರಿಸಿಕೊಂಡಳು. ಇದೇ ಕೊನೆಯೆಂಬಂತೆ ಒಮ್ಮೆ ಅದರ ಬೆನ್ನು ಸವರಿದಳು. ದಂತಶಿಲ್ಪಿ ಅದನ್ನು ಕಂಡನು. ಇಂದೇ ತೀರ್ಮಾನವಾಗಬೇಕು.

"ತಮ್ಮಾ, ಶುರು ಮಾಡೋ" ಎಂದಳು ಅವಳು.

"ಒಂದು ನಿಮಿಷ!" ಎಂದನು ದಂತಶಿಲ್ಪಿ. ತನ್ನ ಆಯ್ಕೆಯ ವೈಭವವನ್ನು ತಾನೇ ಮೊದಲು ಸವಿಯಬೇಡವೇ? ಅದಕ್ಕಾಗಿ ಗಿಟಾರಿನ ದನಿಯ ತಿರುಪನ್ನು ಹತ್ತರಿಂದ ಎರಡಕ್ಕೆ ಇಳಿಸಿಕೊಂಡನು.

ತಾಳ ಬಿದ್ದಿತು. ಹೆಂಡತಿ ಮೊದಲ ಸ್ವರ ಮೀಟಿದಳು.

ಸ್ವಾಮಿ, ಏನು ಹೇಳುವುದು! ಕನಸಿನಲ್ಲಿ ಕಂಡ ನದಿಯೇ ಬಂದಿತು. ದುಂಡಗೆ, ತುಂಬಿ, ಆತುರವಿಲ್ಲದೆ. ಗಾಜಿನ ಹಲಗೆಯ ಮೇಲಿನ ಪೌಡರ್ ಡಬ್ಬಿ ಮೆಲ್ಲಗೆ ನಡೆಯತೊಡಗಿತು. ಮೂರು ಸ್ವರ ಏರಿ, ಒಂದು ಸ್ವರ ತಡೆದು ನಿಂತು, ಯಾರೂ ನೆನೆಸದ ಕಡೆ ತಿರುಗಿ ಮನೆಗೆ ಬರುವ ಆ ನಡಿಗೆಯನ್ನು ದಂತಶಿಲ್ಪಿ ಹಿಂದೆಂದೂ ಕೇಳಿರಲಿಲ್ಲ. ಕನ್ನಡಿಯ ಆಳದಲ್ಲಿ ನಲವತ್ತು ಹೆಂಗಸರು ತಲೆ ತಗ್ಗಿಸಿ ನುಡಿಸುತ್ತಿದ್ದರು. ಅವರ ಹಿಂದಿನ ಹಸಿರು ಮಂಜೆಲ್ಲ ಆ ಸ್ವರದಿಂದಲೇ ನೆಯ್ದದ್ದೆಂಬಂತೆ ಕಂಪಿಸುತ್ತಿತ್ತು. ತನ್ನ ಗಿಟಾರನ್ನು ಮೀಟುವುದನ್ನೂ ಅವನು ಆಗಾಗ ಮರೆತನು.

ಹಾಡು ಮುಗಿದಾಗ ಔಷಧಿ ಅಂಗಡಿಯಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಇವತ್ತೇ ನೋಡಿ ನನಗೆ ಎಲ್ಲಿ ಶುರುಮಾಡಬೇಕು ಅಂತ ಗೊತ್ತಾಗಿದ್ದು! ಇಷ್ಟು ವರ್ಷ ಅಂದಾಜಿನ ಮೇಲೆ ಹಾಡ್ತಿದ್ದೆ!"

"ಅಕ್ಕಾ, ಏನಕ್ಕಾ ಇದು!" ಎಂದನು ಕ್ಷೌರಿಕ.

"ಎಂಟು ಸಾವಿರ ಸುತ್ತು!" ದಂತಶಿಲ್ಪಿ ಎರಡೂ ಕೈ ಎತ್ತಿದನು. "ಎಂಟು ಸಾವಿರ! ನೂರಾರರಲ್ಲಿ ಆರಿಸಿದ್ದು! ಗೋಧಿ ಹೊಲ ಕೇಳಿಸಿತೋ ಇಲ್ಲವೋ? ಮೋಡದ ನೆರಳು? ಹಳೇ ಪಿಕಪ್‌ಗೂ ಇದಕ್ಕೂ ಎಷ್ಟು ಅಜಗಜಾಂತರ ನೋಡಿ! ಕಿವಿ ಅಂದರೆ ಇದು!"

ಹೆಂಡತಿ ನಕ್ಕಳು. ಆದರೆ ಆ ನಗೆಯ ಒಂದು ಅಂಚು ಮಡಚಿಕೊಂಡಿತ್ತು. "ಹಾಗಾದರೆ ನುಡಿಸಿದ್ದು ಸುರುಳಿ ಅನ್ನಿ" ಎಂದಳು. "ಅಕ್ಕನ ಮಗಳು ನುಡಿಸಿದರೂ ಹೀಗೇ ಬರುತ್ತೆ."

ಗೆದ್ದ ಸಂಭ್ರಮದಲ್ಲಿದ್ದ ದಂತಶಿಲ್ಪಿಗೆ ಆ ಮಾತು ಕೇಳಿಸಿತು. ಆದರೆ ಅರ್ಥವಾಗುವ ಮೊದಲೇ ಯಾರೋ ಅಂಗಡಿಯ ಕದವನ್ನು ದಡದಡನೆ ಬಡಿದರು.

ಕದ ತೆರೆದರೆ ನಿವೃತ್ತ ಹೆಡ್‌ಮಾಸ್ಟರು! ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಿಳಿಯ ಡಬ್ಬಿ. ಬಾಯಿಯಲ್ಲಿ ಹಲ್ಲಿಲ್ಲದ ಕಾರಣ ಮಾತಿನಲ್ಲಿ ಅಕ್ಷರಕ್ಕಿಂತ ಗಾಳಿ ಹೆಚ್ಚಾಗಿತ್ತು. ಕೋಪ ಮಾತ್ರ ಸ್ಪಷ್ಟವಾಗಿತ್ತು.

"ಹಲ್ಲು ಮಾಡೋರು ಇಲ್ಲಿದ್ದಾರೆ ಅಂದರು. ಯಾರು?"

"ನಾನೇ, ಮೇಷ್ಟ್ರೇ. ಹೇಗಿದೆ ಹೊಸ ಸೆಟ್ಟು?"

"ಹೇಗಿದೆ ಅಂತ ಕೇಳ್ತೀಯಾ? ನಿನ್ನೆ ಸಂಜೆಯಿಂದ ಹಾಕ್ಕೊಳ್ಳೋಕೆ ಒದ್ದಾಡ್ತಿದ್ದೀನಿ! ಮೇಲಿಂದು ಯಾವುದು, ಕೆಳಗಿಂದು ಯಾವುದು, ಅದೇ ತಿಳೀತಿಲ್ಲ!"

"ಮೊದಲ ವಾರ ಸ್ವಲ್ಪ ಪರಕೀಯ ಅನ್ನಿಸುತ್ತೆ, ಮೇಷ್ಟ್ರೇ. ತಾಳ್ಮೆ ಇರಬೇಕು."

"ಡಬ್ಬಿ ತೆರೆಯದೇ ಕೈಗಿಡೋವಾಗ ಆ ಡಾಕ್ಟರೂ ಹಾಗೇ ಅಂದಿದ್ದರು. ಅದಕ್ಕೇ ತಾಳಿಕೊಂಡೆ! ಕಪ್ಪಗಿದೆಯಲ್ಲ ಅಂದಳು ಹೆಂಡತಿ. ಹೊಸ ಮಾದರಿ ಇರಬೇಕು ಅಂತ ನಾನೇ ಸಮಾಧಾನ ಹೇಳಿದೆ. ಆದರೆ ಚಮಚ ಬಾಯಿ ಹತ್ತಿರ ತಂದರೆ ಚಮಚವೇ ಹಾರಿಬಂದು ಹಲ್ಲಿಗೆ ಅಂಟಿಕೊಂಡರೆ ನಾನು ಊಟ ಮಾಡೋದು ಹೇಗಯ್ಯಾ? ಪಕ್ಕದಲ್ಲಿ ಅವಳು ಗುಂಡಿ ಹೊಲೀತಿದ್ದಳು. ಅವಳ ಸೂಜಿನೂ ಬಂತು!"

ಹೀಗೆಂದು ಡಬ್ಬಿಯ ಮುಚ್ಚಳ ತೆರೆದು ಮುಂದೆ ಹಿಡಿದರು. ಬಿಳಿಯ ಹತ್ತಿಯ ಮೇಲೆ ಎರಡು ಕರಿಯ ಪಿಕಪ್‌ಗಳು ಮಲಗಿದ್ದವು. ಒಂದಕ್ಕೆ ಚಮಚ, ಇನ್ನೊಂದಕ್ಕೆ ಒಂದು ಸೂಜಿ, ಮೂರು ಗುಂಡುಪಿನ್ನು. ತಂತಿಗಳ ತುದಿಯಲ್ಲಿ ಹಸಿರು ದಾರ.

ಹೆಂಡತಿ ಬಗ್ಗಿ ಆ ದಾರವನ್ನು ಮುಟ್ಟಿ ನೋಡಿದಳು.

"ಹಸಿರು ದಾರ ಅಂದರೆ ಅಜ್ಜಿಯ ಹೊಸ ಪಿಕಪ್ ಅಲ್ಲವಾ?" ಎಂದಳು ಹೆಂಡತಿ, ಒಂದೊಂದೇ ಮಾತನ್ನು ಎತ್ತಿಟ್ಟು. "ಅವು ಮೇಷ್ಟ್ರ ಡಬ್ಬಿಯಲ್ಲಿದ್ದರೆ, ನನ್ನ ಬೇಸ್‌ನಲ್ಲಿ ಇರೋದು?"

ದಂತಶಿಲ್ಪಿ ತನ್ನ ಕೈಗಳನ್ನು ನೋಡಿಕೊಂಡನು. ಆ ನಿಷ್ಠಾವಂತ ಕೈಗಳು ಕನಸಿನ ಹೊತ್ತಿನಲ್ಲಿ ತಮ್ಮ ಇಪ್ಪತ್ತೆರಡು ವರ್ಷಗಳ ಧರ್ಮವನ್ನು ಪಾಲಿಸಿದ್ದವು. ಹಳೆಯದನ್ನು ತೊಳೆದವು, ತಿಕ್ಕಿದವು, ಹೊಳೆಯಿಸಿದವು, ಬಂದ ಬಾಯಿಗೇ ಮರಳಿಸಿದವು. ಹೊಸದನ್ನು ಬಿಳಿಯ ಡಬ್ಬಿಗಿಟ್ಟು ಸಾಗಹಾಕಿದವು.

"ಹಳೆಯದೇ" ಎಂದನು, ಇದ್ದೂ ಇಲ್ಲದ ದನಿಯಲ್ಲಿ. "ತೊಳೆದಿದ್ದೇನೆ."

ಮೊದಲು ಕ್ಷೌರಿಕ ನಕ್ಕನು. ಆಮೇಲೆ ಔಷಧಿ ಅಂಗಡಿಯಾಕೆ. ಕನ್ನಡಿಯೊಳಗಿನ ನಾನೂರು ಮಂದಿಯೂ ಸೇರಿ ನಕ್ಕರು. ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. "ಮತ್ತೆ ನನ್ನ ಹಲ್ಲು?"

"ಮನೆಯಲ್ಲಿ, ಕಪಾಟಿನಲ್ಲಿ... 'ಹಳೆಯದು, ಬಿಸಾಡಬಾರದು' ಅನ್ನೋ ಪೆಟ್ಟಿಗೆಯಲ್ಲಿ."

"ಬಿಸಾಡಬಾರದು ಅಂತ ಬರೆದದ್ದಕ್ಕೆ ನಿನಗೆ ನೂರಕ್ಕೆ ಹತ್ತು ಅಂಕ. ಓಡು!"

ದಂತಶಿಲ್ಪಿ ಓಡಿದನು. ಎರಡು ಬೀದಿಗಳನ್ನು ಹೇಗೆ ದಾಟಿದನೋ, ಹೇಗೆ ಮರಳಿದನೋ ಅವನಿಗೇ ತಿಳಿಯದು. 'ಕಿವಿ ಅಂದರೆ ಇದು' ಎಂದ ತನ್ನ ಮಾತು ದಾರಿಯುದ್ದಕ್ಕೂ ಹಿಂದೆಯೇ ಓಡಿಬರುತ್ತಿತ್ತು. ಕ್ಷೌರದ ಕುರ್ಚಿಯಲ್ಲಿ ಹೆಡ್‌ಮಾಸ್ಟರನ್ನು ಕೂರಿಸಿ ಅವನು ಹಲ್ಲು ತೊಡಿಸಿದಾಗ ಅದು ಒಂದೇ ಸಲಕ್ಕೆ ಕಚ್ಚಿ ಕೂತಿತು. ಅವರು ಕನ್ನಡಿಗೆ ಮುಖ ತಿರುಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಲ್ಲು ಕಿರಿದು, ಸ್ವಲ್ಪ ಮೆತ್ತಗಾದರು. ಅಷ್ಟು ಹೊತ್ತೂ ಹೆಂಡತಿ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದಾಗ ಬರುವ ಗಂಟನ್ನು ಹುಬ್ಬಿನ ನಡುವೆ ತಂದುಕೊಂಡು ಕುಳಿತಿದ್ದಳು.

"ಇದರಲ್ಲಿ ಹಳೆಯದೇ ಇದೆ" ಎಂದಳು. "ತಂತಿ ಅದೇ, ಧ್ವನಿಪೆಟ್ಟಿಗೆ ಅದೇ, ಬೆರಳೂ ಅದೇ. ಹಾಗಾದರೆ ಇವತ್ತು ಬದಲಾಗಿದ್ದು ಏನು?"

"ತೊಳೆದದ್ದರಿಂದ ಇರಬಹುದು" ಎಂದನು ದಂತಶಿಲ್ಪಿ ಆಸೆಯಿಂದ.

ಕ್ಷೌರಿಕ ಕೆಮ್ಮಿದನು. "ಭಾವಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವತ್ತು ನನ್ನ ಡ್ರಮ್ಮು ನನಗೇ ಕೇಳಿಸಿತು. ಅದನ್ನ ತೊಳೆದಿಲ್ಲ."

ಹೆಂಡತಿ ಎದ್ದಳು. ಗಿಟಾರನ್ನು ತಾನೇ ಗಂಡನ ಕೊರಳಿಗೆ ಹಾಕಿ, ಅದರ ದನಿಯ ತಿರುಪಿನ ಮೇಲೆ ಬೆರಳಿಟ್ಟಳು. ಅದು ಎರಡರಲ್ಲೇ ಇತ್ತು. "ನುಡಿಸಿ" ಎಂದಳು. ಇಬ್ಬರೂ ನುಡಿಸಿದರು. ನದಿ ಬಂದಿತು. ಅವಳು ತಿರುಪನ್ನು ಎಂದಿನಂತೆ ಹತ್ತಕ್ಕೆ ಏರಿಸಿದಳು. "ನುಡಿಸಿ."

ಹೊಸ ಪಿಕಪ್, ಒಂಬತ್ತು ಸಾವಿರ ಚಿಲ್ಲರೆ ಸುತ್ತು! ಕನ್ನಡಿಗಳು ಗಡಗಡ ನಡುಗಿದವು. ಹೆಡ್‌ಮಾಸ್ಟರು ಹೊಸ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದಂತಶಿಲ್ಪಿ ಹೆಂಡತಿಯ ಕಡೆ ನೋಡಿದನು. ಅವಳ ಬೆರಳುಗಳು ತಂತಿಗಳ ಮೇಲೆ ನಡೆಯುತ್ತಿದ್ದವು, ಏರುತ್ತಿದ್ದವು, ತಡೆದು ತಿರುಗುತ್ತಿದ್ದವು, ಗಾಜಿನಾಚೆಗಿನ ಮೀನಿನಂತೆ. ಒಂದು ಸ್ವರವೂ ಕೇಳಿಸಲಿಲ್ಲ.

ಅವನ ಕೈ ತಾನಾಗಿಯೇ ನಿಂತಿತು. ಹನ್ನೆರಡು ವರ್ಷಗಳ ಭಾನುವಾರಗಳು ಅವನ ಕಣ್ಣ ಮುಂದೆ ಒಂದೊಂದಾಗಿ, ಹೀಗೆಯೇ, ದನಿಯಿಲ್ಲದೆ ಹಾದುಹೋದವು.

"ಸ್ವಲ್ಪ ಕಮ್ಮಿ ಮಾಡಿ ಅಂತ ಯಾವತ್ತೂ ಹೇಳಲಿಲ್ಲವಲ್ಲೇ ನೀನು!" ಎಂದನು ಕೊನೆಗೆ.

"ಪ್ರತಿ ಭಾನುವಾರ ಹೇಳಿದ್ದೀನಿ."

"ನನಗೆ ಕೇಳಿಸಲೇ ಇಲ್ಲ!"

"ಹತ್ತರಲ್ಲಿ ಇಟ್ಟುಕೊಂಡರೆ ಎಲ್ಲಿಂದ ಕೇಳಿಸುತ್ತೆ?"

ಹೆಡ್‌ಮಾಸ್ಟರು ಹೊಸ ಹಲ್ಲಿನಿಂದ ಮೊದಲ ಪೂರ್ಣ ವಾಕ್ಯವನ್ನು ಉಚ್ಚರಿಸಿದರು. ಪ್ರತಿ ಅಕ್ಷರವೂ ಸ್ಫಟಿಕದಂತಿತ್ತು. "ಮೂವತ್ತೈದು ವರ್ಷ ಪಾಠ ಹೇಳಿದ್ದೀನಿ. ತರಗತಿಯಲ್ಲಿ ಗದ್ದಲ ಮಾಡೋನು ಯಾವಾಗಲೂ ಪಕ್ಕದವರು ಓದ್ತಿಲ್ಲ ಅಂತಲೇ ದೂರು ಹೇಳ್ತಾನೆ."

ದಂತಶಿಲ್ಪಿ ತಲೆ ತಗ್ಗಿಸಿದನು. ಹೇಳಬೇಕಾದದ್ದು ಬಾಯಿಗೆ ಬಂದಿತು. ಈ ಸಲ ಅವನು ಅದನ್ನು ಪ್ರತಿಜ್ಞೆಯಾಗಿ ಮಾರ್ಪಡಿಸಲಿಲ್ಲ. "ಕೊಡಬೇಡ ಕಣೇ ಅದನ್ನ" ಎಂದನು. "ಭಾನುವಾರ ನೀನು ಪಕ್ಕದಲ್ಲಿ ಇರಲ್ಲ ಅಂದರೆ ನನಗೆ ಕೈಯೇ ಓಡಲ್ಲ."

ಹೆಂಡತಿ ಅವನನ್ನು ನೋಡಿದಳು. ಆಮೇಲೆ ಬೇಸ್‌ನ ಕರಿಯ ಪಿಕಪ್‌ಗಳನ್ನು ನೋಡಿದಳು. ಅವು ಹಳೆಯವು, ಅವಳವೇ. ಮಡಚಿಕೊಂಡಿದ್ದ ನಗೆಯ ಅಂಚು ಬಿಚ್ಚಿಕೊಂಡಿತು. "ಸುರುಳಿ ಅಲ್ಲ, ನುಡಿಸಿದ್ದು ನಾನೇ ಅಂತಾಯ್ತು" ಎಂದಳು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ. ಮತ್ತೆ ತಮ್ಮನ ಕಡೆ ತಿರುಗಿ: "ಅಕ್ಕನ ಮಗಳಿಗೆ ಬೇಕಾದರೆ ಹೊಸದೊಂದು ನೋಡೋಣ. ಇದನ್ನ ಕೊಡಲ್ಲ. ಹೊಡಿಯೋ ತಾಳ!"

ದಂತಶಿಲ್ಪಿಗೆ ಹೋದ ಜೀವ ಬಂದಿತು. ಗಡಿಬಿಡಿಯಿಂದ ಗಿಟಾರನ್ನು ಸರಿಪಡಿಸಿಕೊಂಡನು. "ಈಗ ನಾನು ಏನು ನುಡಿಸಲಿ?"

"ಈ ಹಾಡಿಗೆ ನೀವು ಕೇಳಿ" ಎಂದಳು ಅವಳು.

ಅವನು ಕೇಳಿದನು. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಮೊದಲ ಬಾರಿಗೆ, ಮೊದಲಿನಿಂದ ಕೊನೆಯವರೆಗೆ.

ಹೀಗೆ ತಪ್ಪು ಮಾಡಿ ತಿಳಿದುಕೊಂಡ ಆ ದಂತಶಿಲ್ಪಿಗೆ ದೇವರು ದೀರ್ಘಾಯುಸ್ಸನ್ನು ಕೊಡಲಿ. ಅವನ ಮನೆಯಾಕೆಯ ಕೈಗೆ ದಣಿವು ಬಾರದಿರಲಿ. ಆ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರನ್ನು ತಲುಪುವಷ್ಟು ಮೌನ ಸದಾ ಇರಲಿ. ಅವರ ಬಂಧುಬಳಗ, ನೆರೆಹೊರೆ, ಬಾಗಿಲಿಗೆ ಬಂದವರು, ಎಲ್ಲರೂ ಸುಖವಾಗಿ ಬಾಳಲಿ. ಆ ದಯಾಮಯನು ಆ ಮನೆಯ ದೀಪವನ್ನು ಬಹುಕಾಲ ಕಾಯಲಿ.